ಮಂಕರಿ ಮುಚ್ಚದ ಬೂಟು

ಹುಣಸೆ ಸೌದೆ ಹೀಗೆ ಹೊಗೆಯಾಡಬಾರದಲ್ಲ, ಯಾವನೋ ಹಸಿ ತುಂಡು ಸೇರಿಸಿಬಿಟ್ಟಿದ್ದಾನೆ, ಡಿಪೋದಿಂದ ತಾನೇ ಆರಿಸಿ ಗಾಡಿಗೆ ಹೇರಿಸಿದ್ದು, ಸೌದೆ ಸೀಳುವವನ ಮಗಳ ಮದುವೆ ಒಲೆಗೇ ಹಸಿ ಸೌದೆ ಅಂದರೆ ಜವರಯ್ಯನ ಮಾನ ಏನಾಗಬೇಕು — ಮಾನ ಅಂದದ್ದೇ ತಡ, ಅವನ ಕಣ್ಣು ಮತ್ತೆ ಚಪ್ಪರದ ಬಾಗಿಲಿಗೆ ಹೋಯಿತು. ಕೃಷ್ಣಸ್ವಾಮಿ ಬಂದಿಲ್ಲ. ವಾಲಗದವರು ಊದುತ್ತಿದ್ದಾರೆ, ಕುಂಬಾರಕೊಪ್ಪಲಿನ ಅರ್ಧ ಜನ ಇಲ್ಲೇ ಇದ್ದಾರೆ, ಒಳಗೆ ಮಗಳು ಚೂಡಾಮಣಿ ಬಾಸಿಂಗ ಕಟ್ಟಿಸಿಕೊಂಡು ಕೂತಿದ್ದಾಳೆ, ಹೆಣ್ಣನ್ನು ಎತ್ತಿ ತಂದು ಹಸೆಮಣೆಯ ಮೇಲೆ ಕೂರಿಸಬೇಕಾದ ಸೋದರಮಾವ ಮಾತ್ರ ಇಲ್ಲ. ಬೀಗರು ಆಗಲೇ ಕೇಳಿಬಿಟ್ಟರು, ಎಲ್ರೀ ನಿಮ್ಮ ಭಾವಮೈದ, ಹೆಣ್ಣು ನೋಡಾಕೆ ಬಂದಾಗ ಬಾಯ್ತುಂಬ ಹೇಳಿದ್ರಲ್ಲ. ಹೇಳಿದ್ದು ಇವನಲ್ಲ, ಪಕ್ಕದ ಮನೆ ಪುಟ್ಟಬಸಮ್ಮ, ತಿಂಗ್ಳು ತಿಂಗ್ಳೂ ತಪ್ದೆ ಬರೋರು ಕಣ್ರೀ, ಅಂಥಾ ಮಾವನ್ನ ನಾ ಕಾಣೆ — ಅವಳನ್ನು ಬೈದು ಏನು ಪ್ರಯೋಜನ, ಕಂಡದ್ದನ್ನೇ ಹೇಳಿದಳು. ಹೆಂಡತಿ ದೇವಿರಮ್ಮನಿಗೆ ಒಡಹುಟ್ಟಿದವರೇ ಇಲ್ಲ, ಇದ್ದ ನೆಂಟರೂ ಗಂಡ ಜೈಲಿಗೆ ಹೋದ ಮೇಲೆ ಹೊಸಿಲು ತುಳಿದಿಲ್ಲ, ಇದು ಗೊತ್ತಿರುವುದು ಗಂಡಹೆಂಡಿರಿಗೆ, ಆಮೇಲೆ ಆ ಕೃಷ್ಣಸ್ವಾಮಿಗೆ. ಅವನು ಬಾರದಿದ್ದರೆ ಬೀಗರು ಯಾಕೆ ಅಂತ ಕೆದಕುತ್ತಾರೆ. ಬಂದರೆ ಯಾರು ಅಂತ ಕೆದಕುತ್ತಾರೆ. ಎರಡರಲ್ಲಿ ಯಾವುದು ಮೇಲು ಅಂತ ಬೆಳಗಿನಿಂದ ಯೋಚಿಸಿ ಯೋಚಿಸಿ ಜವರಯ್ಯನಿಗೆ ಕಾಫಿಯೂ ಇಳಿದಿಲ್ಲ.

ಜೈಲಿಗೆ ಕಾರಣ ಒಂದು ಹುಲ್ಲಿನ ಗಾಡಿ, ಹುಲ್ಲಿನಡಿ ಗಂಧದ ಕೊರಡು. ನಂಗೆ ಗೊತ್ತಿರ್ಲಿಲ್ಲ ಸ್ವಾಮಿ ಎಂದು ಕೋರ್ಟಿನಲ್ಲಿ ಕೈಮುಗಿದದ್ದು ಶುದ್ಧ ಸುಳ್ಳು, ಗೊತ್ತಿದ್ದೇ ಹೊಡೆದ ಗಾಡಿ, ಸರ್ಕಾರದ ಗಂಧ ಕದ್ದ, ಸಿಕ್ಕಿಬಿದ್ದ, ಜೈಲಾಯಿತು, ಮುಗಿಯಿತು — ಮುಗಿಯಿತು ಅಂದುಕೊಂಡವನು ಅವನೊಬ್ಬನೇ. ಸ್ವಾತಂತ್ರ್ಯ ಬಂದ ಮರುವರ್ಷ ಹೊರಗೆ ಬಂದು, ಗುರುತಿನವರಿಲ್ಲದ ಈ ಕೇರಿಯಲ್ಲಿ ಮನೆ ಹಿಡಿದು ಕೊಡಲಿ ಹೆಗಲಿಗೇರಿಸಿದ ಮೇಲೂ, ಆಸಾಮಿ ಊರಲ್ಲಿದ್ದಾನೋ ಇಲ್ಲವೋ ಅಂತ ಪೊಲೀಸಿನವರು ತಿಂಗಳಿಗೊಮ್ಮೆ ನೋಡಿಕೊಂಡು ಹೋಗಬೇಕಂತೆ, ಹಾಜರಿಯಂತೆ. ಮೊದಲ ಸಲ ಪೇದೆ ಕೃಷ್ಣಸ್ವಾಮಿ ಬಂದಾಗ ದೀಪ ಹಚ್ಚುವ ಹೊತ್ತು, ಪುಣ್ಯಕ್ಕೆ ಯಾರೂ ನೋಡಲಿಲ್ಲ, ದೇವಿರಮ್ಮ ಕಾಲಿಗೇ ಬಿದ್ದಳು, ಸ್ವಾಮಿ ಈ ಟೋಪಿ ಹಾಕ್ಕೊಂಡು ಬರ್ಬ್ಯಾಡಿ, ಹೆಣ್ಮಗ ಐತೆ, ನಾಳೆ ಯಾರು ಇವಳ್ನ ತಂದ್ಕೊತಾರೆ. ಆ ಮನುಷ್ಯ ಮುಂದಿನ ತಿಂಗಳು ಬಿಳಿ ಷರಟು ತೊಟ್ಟು ಪಂಚೆ ಇಳಿಬಿಟ್ಟುಕೊಂಡು ಬಂದ, ಕಾಲಿಗೆ ಮಾತ್ರ ಅದೇ ಸರ್ಕಾರಿ ಬೂಟು, ಬೇರೆ ಇಲ್ಲ ಕಣಮ್ಮ, ಅಂದ. ಯಾರೇ ಅದು ದೇವೀರಿ, ಪುಟ್ಟಬಸಮ್ಮ ಗೋಡೆಯಾಚೆಯಿಂದ ಇಣುಕಿದಳು, ನಮ್ಮಣ್ಣ ಕಣಕ್ಕ, ಊರಿಂದ ಬಂದವ್ರೆ — ದೇವಿರಮ್ಮನ ಬಾಯಿಂದ ಬಂದೇಬಿಟ್ಟಿತು, ಬಂದ ಮೇಲೆ ನುಂಗಲಾದೀತೇ, ಹೊಸಿಲಾಚೆ ಬಿಚ್ಚಿಟ್ಟ ಬೂಟಿನ ಮೇಲೆ ಸಗಣಿ ಹೊರುವ ಮಂಕರಿ ಬುಟ್ಟಿ ಬೋರಲು ಹಾಕಿದಳು. ಆಮೇಲೆ ಅದೇ ರೂಢಿ, ಬೂಟಿನ ಮೇಲೆ ಮಂಕರಿ, ಒಳಗೆ ಕಾಫಿ, ಆಡ್ಕೋ ಹೋಗವ್ವ ಎಂದು ಮಗುವನ್ನು ಆಚೆ ಕಳಿಸುವುದು, ಇದ್ದೀಯೇನಯ್ಯ, ಇದ್ದೀನಿ ಸ್ವಾಮಿ, ಅಷ್ಟೇ ಮಾತು. ಮಗು ವಾಪಸು ಬಂದು ಮಾವ ಅನ್ನುತ್ತಿತ್ತು, ಬರಬರುತ್ತ ಅವನ ಜೇಬಿನಲ್ಲಿ ಬತ್ತಾಸು ಇರುತ್ತಿತ್ತು. ಕೊನೆಗೊಂದು ದಿನ ಅವನೇ ಹೇಳಿದ, ಹಾಜರಿ ಪಟ್ಟಿಯಿಂದ ನಿನ್ನ ಹೆಸ್ರು ತೆಗೆದ್ಬುಟ್ರು ಕಣಯ್ಯ, ಇನ್ನು ನಾನು ಬರಾಂಗಿಲ್ಲ. ಗಂಡಹೆಂಡಿರಿಬ್ಬರೂ ಅತ್ತರು, ಸಂತೋಷಕ್ಕೇ. ಮುಂದಿನ ತಿಂಗಳು ಅದೇ ಹೊತ್ತಿಗೆ ಜವರಯ್ಯ ಬಾಗಿಲ ಕಡೆ ನೋಡುತ್ತ ಕೂತಿದ್ದ, ಹೇಳಿಕೊಂಡರೆ ನಾಚಿಕೆ, ಪೊಲೀಸಿನವನು ಬರಲಿಲ್ಲವಲ್ಲ ಅಂತ ಬೇಜಾರಾಗಿತ್ತು.

ಮೊನ್ನೆ ಜವರಯ್ಯ ಪೊಲೀಸ್ ಲೈನಿಗೆ ತಾನಾಗಿಯೇ ಹೋಗಿ, ಕೃಷ್ಣಸ್ವಾಮಿಯ ಮುಂದೆ ಎಲೆಅಡಿಕೆ ಇಟ್ಟು ಮದುವೆಗೆ ಕರೆದ, ಅವನ ನಡು ಬಾಗಿ ಮೀಸೆಯೆಲ್ಲ ಬೆಳ್ಳಗಾಗಿದೆ ಪಾಪ, ನಿನ್ನ ಬೀಗರು ನೀವ್ಯಾರು ಅಂತ ಕೇಳಿದ್ರೆ ನಾನು ಸುಳ್ಳೇಳಾಕಿಲ್ಲ ಕಣೋ ಜವರಯ್ಯ, ಅಂದ ಕೃಷ್ಣಸ್ವಾಮಿ, ಬರುತ್ತೇನೆ ಅನ್ನಲಿಲ್ಲ, ಬರಲ್ಲ ಅನ್ನಲಿಲ್ಲ — ಬಂದ. ಅಗೋ, ಅದೇ ಬಿಳಿ ಷರಟು, ಅದೇ ಪಂಚೆ, ಚಪ್ಪರದ ಬಾಗಿಲಲ್ಲಿ ಬಗ್ಗಿ ಬೂಟು ಬಿಚ್ಚುತ್ತಿದ್ದಾನೆ, ದೇವಿರಮ್ಮ ಸುತ್ತ ನೋಡುತ್ತಿದ್ದಾಳೆ, ಮಂಕರಿಗಾಗಿ, ಅಲ್ಲೇ ಇದೆ, ಅದರ ತುಂಬ ಬೆಳಗಿನ ತಿಂಡಿಯ ಎಂಜಲೆಲೆ, ಖಾಲಿ ಮಾಡುವಷ್ಟರಲ್ಲಿ ಬೀಗರು ಅಲ್ಲಿಗೇ ಬಂದರು, ಇದು ಪೊಲೀಸ್ ಬೂಟಲ್ವೇನ್ರೀ, ಯಾರ್ದು. ಮುಗಿಯಿತು, ಮಗಳು ಬಾಸಿಂಗದಲ್ಲೇ ಉಳಿದಳು, ಜವರಯ್ಯನ ಮೂಗಿಗೆ ಎಲ್ಲಿಂದಲೋ ಗಂಧ ಬಡಿಯಿತು. ನಂದೇ ಕಣ್ರೀ, ಕೃಷ್ಣಸ್ವಾಮಿ ನಿಧಾನವಾಗಿ ಹೇಳಿದ, ನಾನು ಪೊಲೀಸು. ಬೂಟನ್ನು ಜೋಡಿಸಿಟ್ಟ. ಹುಡುಗಿಗೆ ಸೋದರಮಾವ. ಬೀಗರು ಹೋ ಎಂದು ನಕ್ಕರು, ಪೊಲೀಸ್ನೋರ ಮನೆ ಹೆಣ್ಣು ಅಂತ ಮೊದ್ಲೇ ಹೇಳ್ಬಾರ್ದಾ ಜವರಯ್ಯನೋರೇ, ನಾವು ಇನ್ನೂ ಹುಷಾರಾಗಿರ್ತಿದ್ವಿ! ಸುಳ್ಳು ಹೇಳಾಕಿಲ್ಲ ಅಂದವನು ಇವನೇ, ಮುಖದಲ್ಲಿ ಸುಳ್ಳು ಹೇಳಿದ ಲಕ್ಷಣವೇ ಇಲ್ಲ. ಒಳಗೆ ಹೋದ, ಏದುಸಿರು ಬಿಡುತ್ತ ಚೂಡಾಮಣಿಯನ್ನು ಎತ್ತಿಕೊಂಡು ಬಂದ, ಜವರಯ್ಯನ ಪಕ್ಕದಲ್ಲೇ ಹಾದುಹೋದರು, ಬಾಸಿಂಗದ ಮರೆಯಿಂದ ಮಗಳು ಅವನ ಕಿವಿಯಲ್ಲಿ ಅಂದದ್ದು ಜವರಯ್ಯನಿಗೂ ಕೇಳಿತು, ಮಾವ, ಅಪ್ಪ ಇಲ್ಲೇ ಅವ್ರೆ, ನೋಡ್ಕೊಂಡ್ರಾ, ಹಾಜರಿ ಆಯ್ತಾ. ಗೊತ್ತಿತ್ತು ಇವಳಿಗೆ — ಯಾವಾಗಿನಿಂದ, ಆಡ್ಕೋ ಹೋಗವ್ವ ಅಂದಾಗ ಎಲ್ಲಿ ನಿಲ್ಲುತ್ತಿದ್ದಳು, ಕಿಟಕಿಯ ಕೆಳಗೋ, ಎಲ್ಲ ಗೊತ್ತಿದ್ದೂ ಅಪ್ಪ ಅಂದಳು, ಗೊತ್ತಿದ್ದೂ ಮಾವ ಅಂದಳು, ಅಯ್ಯೋ ನನ್ನವ್ವ, ಹಿತ್ತಿಲಿನಿಂದ ಮಂಕರಿ ತಂದು ಅಮ್ಮನ ಕೈಗೆ ಕೊಡುತ್ತಿದ್ದವಳು ನೀನೇ ಅಲ್ಲವೇ, ಧಾರೆಗೆ ಬಾ ಜವರಯ್ಯ, ಯಾರೋ ಕೂಗುತ್ತಿದ್ದಾರೆ, ಹೋಗಬೇಕು, ಕಣ್ಣು ಮಾತ್ರ ಅತ್ತಲೇ, ಚಪ್ಪರದ ಬಾಗಿಲಲ್ಲಿ, ಬೀಗರ ಚಪ್ಪಲಿಗಳ ನಡುವೆ, ಬಿಸಿಲಿನಲ್ಲಿ, ಆ ಬೂಟು, ಮೇಲೆ ಮಂಕರಿ ಇಲ್ಲದೆ, ಆ ಬೂಟು