‘ಇತರೆ’ಗೆ ಹೋದದ್ದು

ಡೊಂಬಿವಲಿಯಿಂದ ತಂದೆಯನ್ನು ನೋಡಲು ಮುಂಬಯಿ ಪಕ್ಕದ ಠಾಣೆ ಊರಿನ ನೌಪಾಡಾಕ್ಕೆ ಬಂದಿದ್ದ ಸಂಜನಾ, ಭಾನುವಾರದ ಊಟ ಮುಗಿಸಿ ಅವರ ಕಂಪ್ಯೂಟರಿನ ಮುಂದೆ ಕೂತಳು. ಮೆನು ತೆರೆದರೆ ಮುಗಿಯದಷ್ಟು ಉದ್ದ. ಇಸ್ಪೀಟಾಟ, ಪಂಚಾಂಗ, ಪ್ರಿಂಟರಿನದು, ಯಾವಾಗಲೋ ಹಾಕಿ ಮರೆತದ್ದು, ಎಲ್ಲ ಒಂದೇ ಸಾಲಿನಲ್ಲಿ.

“ಇದೆಂಥ ಕಸ ಪಪ್ಪಾ! ನಾನು ನೀಟ್ ಮಾಡಿ ಕೊಡ್ತೇನೆ.”

“ಇರ್ಲಿ ಮಾರಾಯ್ತಿ. ಎಂತದ್ದು ಎಲ್ಲಿ ಉಂಟು ಅಂತ ನಂಗೆ ಗೊತ್ತುಂಟು,” ಎಂದರು ಪುಂಡರೀಕಾಕ್ಷ.

ಮಗಳ ಕೈ ಆಗಲೇ ಓಡುತ್ತಿತ್ತು. ಆಫೀಸು, ಫೋಟೊ, ಆಟ, ಬ್ಯಾಂಕು ಎಂದು ಫೋಲ್ಡರುಗಳನ್ನು ಮಾಡಿ ಒಂದೊಂದನ್ನೇ ಒಳಗೆ ಹಾಕಿದಳು. ಎಲ್ಲಿಗೂ ಹೊಂದದ್ದನ್ನು ‘ಇತರೆ’ಗೆ ತಳ್ಳಿದಳು. ಮೆನುವಿನ ಮೇಲ್ತುದಿಯಲ್ಲೇ ಕೆಂಪು ಚುಕ್ಕೆಯ ಒಂದು ಪ್ರೋಗ್ರಾಮು ಕೂತಿತ್ತು. ಅದು ಏತಕ್ಕೆಂದು ಅವಳು ಕೇಳಲಿಲ್ಲ. ಅದೂ ‘ಇತರೆ’ಗೆ ಹೋಯಿತು.

“ಈಗ ನೋಡಿ, ಎಷ್ಟು ಚಂದ!”

ತಂದೆ ಪರದೆಯತ್ತ ಬಾಗಿ ನೋಡಿ ತಲೆಯಾಡಿಸಿದರು.

ಅದೇ ವಾರ ಒಂದು ಬೆಳಿಗ್ಗೆ ಅವಳು ಐರೋಲಿಯ ಆಫೀಸಿಗೆ ಹೋಗಲು ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುತ್ತಿದ್ದಾಗ ಫೋನು ಬಂತು.

“ಆ ಕೆಂಪು ಚುಕ್ಕೆಯದ್ದು ಎಲ್ಲಿ ಹೋಯ್ತು? ಮೊದಲನೇದೇ ಇತ್ತಲ್ಲ.”

“ಯಾವುದಾದ್ರೂ ಫೋಲ್ಡರಲ್ಲಿ ಇರ್ತದೆ ಪಪ್ಪಾ. ಹೆಸರು ಟೈಪ್ ಮಾಡಿ, ಸಿಗ್ತದೆ.”

“ಹೆಸರು ಯಾರಿಗೆ ಗೊತ್ತು? ನಾನು ಚುಕ್ಕೆ ನೋಡಿ ಒತ್ತುದು. ವಾಸಣ್ಣ ವಿಡಿಯೊ ಕಾಲಲ್ಲಿದ್ದಾನೆ, ಸ್ವಲ್ಪ ಹೇಳು...”

ಅವಳು ಹತ್ತಬೇಕಾದ ವಾಶಿಯ ಲೋಕಲ್ ಬಂದು ನಿಂತಿತು. ಜನ ನುಗ್ಗಿದರು. ತಂದೆಯ ಮನೆ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. “ಸಂಜೆ ಬಂದು ನೋಡ್ತೇನೆ, ಗಾಡಿ ಬಂತು,” ಎಂದು ಫೋನಿಟ್ಟು ಅವಳು ಹತ್ತಿಬಿಟ್ಟಳು.

ಸಂಜೆ ಹೋದಾಗ ತಂದೆ ದೀಪ ಹಾಕದೆ ಕೂತಿದ್ದರು. ಅವರ ಅಣ್ಣ ವಾಸಣ್ಣನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗಿ, ಹೊರಗೂ ತಂದಾಗಿತ್ತಂತೆ. ಮಂಗಳೂರಿನಲ್ಲಿ ದೊಡ್ಡಪ್ಪನಿಗೆ ಗಂಟಲಿನ ಆಪರೇಷನ್ನು ಎಂದು ಸಂಜನಾಗೆ ಗೊತ್ತಿತ್ತು. ಅದು ಆ ದಿನವೇ ಎಂಬುದು ನೆನಪಿರಲಿಲ್ಲ.

“ಜೀವಕ್ಕೆ ತೊಂದರೆ ಇಲ್ಲ. ಸ್ವರ ಮಾತ್ರ ಇನ್ನಿಲ್ಲ,” ಎಂದರು ತಂದೆ.

ಅಣ್ಣ ತಮ್ಮ ಸೇರಿ ಠಾಣೆಯಲ್ಲಿ ಹೋಟೆಲು ನಡೆಸಿದವರು. ಗಲ್ಲಾಪೆಟ್ಟಿಗೆಯ ಮುಂದೆ ಕೂತು ವಾಸಣ್ಣ ರಾಗವಾಗಿ ಎಳೆದು “ಎರಡು ಸಾದಾ, ಒಂದು ಮಸಾಲೇ...” ಎಂದು ಕೂಗಿದರೆ ಅಡುಗೆಮನೆಯಲ್ಲಷ್ಟೇ ಅಲ್ಲ, ರಸ್ತೆಯಾಚೆಗೂ ಕೇಳುತ್ತಿತ್ತು. ಆ ಕೂಗನ್ನು ಉಳಿಸಿಕೊಳ್ಳಬೇಕೆಂದು ಪುಂಡರೀಕಾಕ್ಷ ಪಕ್ಕದ ಮನೆಯ ಕೌಶಲ್‌ನನ್ನು ಕೇಳಿ, ವಿಡಿಯೊ ಕಾಲನ್ನು ರೆಕಾರ್ಡ್ ಮಾಡಿಡುವ ಆ ಕೆಂಪು ಚುಕ್ಕೆಯ ಪ್ರೋಗ್ರಾಮನ್ನು ಹಾಕಿಸಿಕೊಂಡಿದ್ದರು. ಆ ದಿನ ಬೆಳಿಗ್ಗೆ ಅಣ್ಣ ಆಸ್ಪತ್ರೆಯ ಮಂಚದಲ್ಲಿ ಎದ್ದು ಕೂತು, ಒಡೆದ ಗಂಟಲಲ್ಲೇ ಕೂಗಿದ್ದರು. ಇತ್ತ ಪುಂಡರೀಕಾಕ್ಷ ಚುಕ್ಕೆ ಹುಡುಕುತ್ತ ಒಂದೊಂದೇ ಫೋಲ್ಡರು ತೆರೆದು ಮುಚ್ಚುತ್ತಿದ್ದರು.

“ಇನ್ನೊಮ್ಮೆ ಅಂದೆ. ಇನ್ನೊಮ್ಮೆಯೂ ಕೂಗಿದ. ಮತ್ತೆ ಕೆಮ್ಮು ಹತ್ತಿತು. ನರ್ಸ್ ಅವನ ಕೈಯಿಂದ ಫೋನ್ ತೆಗೆದುಕೊಂಡಳು.”

“ನಂಗೆ ಮೊದಲೇ ಹೇಳ್ಬಾರ್ದಿತ್ತಾ ಪಪ್ಪಾ?” ಎಂದ ಸಂಜನಾಗೆ, ತಾನು ಕೇಳಲೇ ಇಲ್ಲವಲ್ಲ ಎಂಬುದು ಮರುಕ್ಷಣವೇ ಹೊಳೆಯಿತು.

“ನೀನು ಒಳ್ಳೇದಕ್ಕೇ ಮಾಡಿದ್ದು,” ಎಂದರು ತಂದೆ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ತಿಂಗಳ ನಂತರ ಪರದೆಯ ಮೇಲೆ ವಾಸಣ್ಣ ಕಾಣಿಸಿಕೊಂಡರು. ಕತ್ತಿಗೆ ಬಿಳಿ ಬಟ್ಟೆ, ಮುಖದಲ್ಲಿ ನಗು. ತುಟಿ ಅಲ್ಲಾಡಿತು. “ಹೌದಣ್ಣ, ಹೌದು,” ಎನ್ನುತ್ತಲೇ ಹೋದರು ಪುಂಡರೀಕಾಕ್ಷ. ಏನು ಅರ್ಥವಾಯಿತೋ, ಸಂಜನಾ ಕೇಳಲಿಲ್ಲ.

ಕಾಲ್ ಮುಗಿದ ಮೇಲೆ, “ದೊಡ್ಡಪ್ಪ ಹೇಗೆ ಕೂಗ್ತಿದ್ರು, ನೀವೇ ಒಮ್ಮೆ ಕೂಗಿ ತೋರಿಸಿ ಪಪ್ಪಾ,” ಎಂದಳು.

ಅವರು ಎದೆ ತುಂಬ ಉಸಿರೆಳೆದುಕೊಂಡರು. “ಎರಡು ಸಾದಾ...” ಎಂದು ಶುರುಮಾಡಿದವರು ಅಲ್ಲಿಗೇ ನಿಂತರು.

“ಇಲ್ಲ ಮಗಾ. ಅವನ ಹಾಗೆ ಬರುದಿಲ್ಲ.”