ಡಾಕ್ಟರಮ್ಮನ ಜೀಪಿಗೆ ಎಂಥ ಟೈರು?

ಡಾಂಬರು ರಸ್ತೆ ಕಲ್ಲುಕ್ವಾರಿಯ ತಿರುವಿನಲ್ಲಿ ಮುಗಿಯುತ್ತದೆ. ಅಲ್ಲಿಂದ ಆಚೆ ಜಲ್ಲಿ, ಜಲ್ಲಿಯ ಆಚೆ ಬರೀ ಮಣ್ಣು. ಮಣ್ಣಿನ ಆಚೆಯೂ ಮನೆಗಳಿವೆ, ಕೊಟ್ಟಿಗೆಗಳಿವೆ, ಕೊಟ್ಟಿಗೆಯಲ್ಲಿ ದನಗಳಿವೆ. ದನಕ್ಕೆ ಜ್ವರ ಬಂದರೆ ಅದು ಡಾಂಬರು ಎಲ್ಲಿದೆ ಎಂದು ಕೇಳಿಕೊಂಡು ಬರುವುದಿಲ್ಲ. ಅದಕ್ಕೇ ಆ ಕಡೆಯ ದನದ ಡಾಕ್ಟರಮ್ಮ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ ಒಂದು ಹಳೆಯ ಜೀಪು ಇಟ್ಟುಕೊಂಡಿದ್ದಳು. ಫೋರ್ ವೀಲ್ ಜೀಪು ಅಂದರೆ ಎಲ್ಲಿಗೆ ಬೇಕಾದರೂ ಹೋಗುತ್ತದೆ ಎಂದು ಮನೆಯವರೆಲ್ಲ ನಂಬಿದ್ದರು.

ಹೋದ ಮಳೆಗಾಲದಲ್ಲಿ ಆ ನಂಬಿಕೆ ಕೆಸರಲ್ಲಿ ಹೂತುಹೋಯಿತು. ಕ್ವಾರಿಯ ಆಚೆ ಒಂದು ಹಸುವಿಗೆ ಕರು ಅಡ್ಡ ಸಿಕ್ಕಿಕೊಂಡಿತ್ತು. ಡಾಕ್ಟರಮ್ಮ ಹೊರಟಳು. ಜೀಪಿನ ಟೈರು ಬರೀ ಡಾಂಬರಿಗೆಂದು ಮಾಡಿದ್ದು, ಸಾಲದ್ದಕ್ಕೆ ಸವೆದು ನುಣ್ಣಗಾಗಿತ್ತು. ಮಣ್ಣಿನ ಏರಿನಲ್ಲಿ ನಾಲ್ಕೂ ಚಕ್ರ ನಿಂತಲ್ಲೇ ತಿರುಗಿದವು. ಅವಳು ಔಷಧಿ ಚೀಲ ಹೆಗಲಿಗೆ ಹಾಕಿ ಕಾಲ್ನಡಿಗೆಯಲ್ಲಿ ಹೋದಳು. ಹಸು ಉಳಿಯಿತು, ಕರು ಉಳಿಯಲಿಲ್ಲ. ಮನೆಗೆ ಬಂದವಳು ಹಿತ್ತಲ ನಲ್ಲಿಯ ಕೆಳಗೆ ಕೈ ತೊಳೆಯುತ್ತಾ ನಿಂತಳು. ಕೈ ಶುದ್ಧವಾಗಿ ಎಷ್ಟೋ ಹೊತ್ತಾಗಿತ್ತು, ಆದರೂ ತೊಳೆಯುತ್ತಲೇ ಇದ್ದಳು. ಕೊನೆಗೆ ಅವಳ ಗಂಡನೇ ಬಂದು ನಲ್ಲಿ ನಿಲ್ಲಿಸಿದ.

ಗಂಡ ಬಡಗಿ. ಕೈಯಲ್ಲಿ ಉಳಿ ಇದ್ದರೆ ಶಾಂತ ಮನುಷ್ಯ. ಇಲ್ಲದಿದ್ದರೆ ಕೂತಲ್ಲಿ ಕೂರುವವನಲ್ಲ. ಆ ಸಂಜೆಯಿಂದ ಅವನ ತಲೆಯೊಳಗೆ ಒಂದೇ ಯೋಚನೆ ಸುತ್ತತೊಡಗಿತು. ಮಳೆ ಬಂದರೆ ಸಾಕು, ಕೆಲಸ ಬಿಟ್ಟು ಬಾಗಿಲಿಗೆ ಬಂದು ರಸ್ತೆ ನೋಡುತ್ತಿದ್ದ. ಹೆಂಡತಿ ಫೋನ್ ಎತ್ತುವುದು ತಡವಾದರೆ ಮತ್ತೆ ಮತ್ತೆ ಮಾಡುತ್ತಿದ್ದ. ಅವಳು ಹಸುವಿನ ಹೊಟ್ಟೆಗೆ ಕೈ ಹಾಕಿದ್ದಾಗ ಫೋನ್ ಎತ್ತುವುದಾದರೂ ಹೇಗೆ?

ಒಂದು ದಿನ ಅವಳಿಗೆ ಹೇಳದೆ ಕೇಳದೆ ಜೀಪು ತೆಗೆದುಕೊಂಡು ಹೋಗಿ, ಮಣ್ಣಿನಲ್ಲಿ ಓಡಿಸಲೆಂದೇ ಮಾಡಿದ, ಅಂಗಡಿಯಲ್ಲಿದ್ದ ಅತಿ ದೊಡ್ಡ ಟೈರುಗಳನ್ನು ಹಾಕಿಸಿಕೊಂಡು ಬಂದ. ಮೊದಲಿದ್ದ ಅಳತೆಗಿಂತ ದೊಡ್ಡವು. ಮೈತುಂಬ ಉಬ್ಬಿದ ದಪ್ಪ ದಪ್ಪ ರಬ್ಬರು ಗಟ್ಟಿಗಳು, ಗಟ್ಟಿಗಳ ನಡುವೆ ಬೆರಳು ತೂರುವಷ್ಟು ಅಗಲದ ಸಂದು. ಜೀಪು ಎದೆ ಸೆಟೆಸಿ ನಿಂತಂತೆ ಕಾಣುತ್ತಿತ್ತು. ಬೀದಿಯವರೆಲ್ಲ ಬಂದು ನೋಡಿದರು.

"ಇನ್ಮೇಲೆ ನೀನು ಎಲ್ಲೂ ಇಳಿದು ನಡೆಯೋ ಹಾಗಿಲ್ಲ ಕಣೆ," ಎಂದ ಬಡಗಿ.

ಅವನ ಮುಖ ನೋಡಿ ಡಾಕ್ಟರಮ್ಮನಿಗೆ ಎದುರು ಮಾತಾಡಲು ಮನಸ್ಸು ಬರಲಿಲ್ಲ.

ಆದರೆ ಮಾರನೆಯ ದಿನದಿಂದಲೇ ಅವಳಿಗೆ ಕಿರಿಕಿರಿ ಶುರುವಾಯಿತು. ಡಾಂಬರಿನ ಮೇಲೆ ಜೀಪು ಗುಂಯ್ ಎಂದು ಒಂದೇ ಸಮನೆ ಕೂಗುತ್ತಿತ್ತು. ಸ್ಟೀರಿಂಗು ಭಾರವಾಯಿತು. ಪೂರ್ತಿ ತಿರುಗಿಸಿದರೆ ಟೈರು ಒಳಗಿನ ತಗಡಿಗೆ ಉಜ್ಜುತ್ತಿತ್ತು. ಬ್ರೇಕ್ ಹಾಕಿದರೆ ತಾನು ಅಂದುಕೊಂಡ ಕಡೆ ಗಾಡಿ ನಿಲ್ಲುತ್ತಿಲ್ಲ ಎಂಬ ಅನುಮಾನ ಅವಳನ್ನು ಬಿಡಲಿಲ್ಲ. ಮುಂದೆ ಯಾರಾದರೂ ನಡೆದು ಹೋಗುತ್ತಿದ್ದರೆ ದೂರದಿಂದಲೇ ಅವಳ ಕಾಲು ಬ್ರೇಕಿನ ಮೇಲೆ ಹೋಗುತ್ತಿತ್ತು. ಗಂಡನಿಗೆ ಹೇಳಿದಳು. ಹೊಸದು, ಸ್ವಲ್ಪ ದಿನ ಓಡಿದರೆ ಹದಕ್ಕೆ ಬರುತ್ತದೆ ಎಂದ. ಹೊಸ ಚಪ್ಪಲಿ ಕಚ್ಚುವುದಿಲ್ಲವೇ ಎಂದೂ ಕೇಳಿದ.

ಅವನ ತಾಯಿಗೆ ಅಷ್ಟು ತಾಳ್ಮೆ ಇರಲಿಲ್ಲ. ಒಂದು ದಿನ ಸೊಸೆಯ ಜೊತೆ ಪೇಟೆಗೆ ಹೋಗಿ ಬಂದವರೇ, "ಜೀಪಲ್ಲಿ ಕೂತಿದ್ನೋ ಹಿಟ್ಟಿನ ಗಿರಣೀಲಿ ಕೂತಿದ್ನೋ ಗೊತ್ತಾಗ್ಲಿಲ್ಲ. ಸೊಸೆ ಏನೋ ಕೇಳಿದ್ಲು, ಎಲ್ಲಕ್ಕೂ ಹೂಂ ಅಂದುಬಿಟ್ಟೆ," ಎಂದರು.

ಬಡಗಿ ನಗಲಿಲ್ಲ. ಸ್ಪ್ಯಾನರ್ ತಗೊಂಡು ಹೋಗಿ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ ಬಂದ.

ಅದಾದ ಮುಂದಿನ ವಾರ ಅತ್ತೆ ಸೊಸೆ ಇಬ್ಬರೂ ಜೀಪಿನಲ್ಲಿದ್ದರು. ಬೆಳಗಿನ ಹೊತ್ತು. ಜೋರು ಮಳೆಯೇನಲ್ಲ, ಆಗಷ್ಟೇ ಶುರುವಾದ ತುಂತುರು. ರಸ್ತೆಯ ಧೂಳು, ಎಣ್ಣೆ ಎಲ್ಲ ಕಲಸಿ ಡಾಂಬರು ಜಾರುವುದು ಇಂಥ ಹೊತ್ತಿನಲ್ಲೇ. ಇಳಿಜಾರಿನಲ್ಲಿ ಒಬ್ಬ ಹೆಂಗಸು ತರಕಾರಿಯ ತಳ್ಳುಗಾಡಿ ಅಡ್ಡ ದಾಟಿಸುತ್ತಿದ್ದಳು. ಡಾಕ್ಟರಮ್ಮ ಬ್ರೇಕ್ ಒತ್ತಿದಳು. ಚಕ್ರ ನಿಂತವು, ಜೀಪು ನಿಲ್ಲಲಿಲ್ಲ. ಸಾಬೂನಿನ ಮೇಲೆ ಕಾಲಿಟ್ಟಂತೆ ಜಾರುತ್ತಾ ಹೋಯಿತು. ಹೆಂಗಸು ಗಾಡಿ ಬಿಟ್ಟು ಹಿಂದಕ್ಕೆ ಹಾರಿದಳು. ಜೀಪಿನ ಮೂತಿ ತಳ್ಳುಗಾಡಿಗೆ ಬಡಿಯಿತು. ಟೊಮೆಟೊ, ಸೌತೆಕಾಯಿ ರಸ್ತೆ ತುಂಬ ಉರುಳಿದವು.

ಯಾರಿಗೂ ಪೆಟ್ಟಾಗಲಿಲ್ಲ. ಡಾಕ್ಟರಮ್ಮ ಇಳಿದು ಕ್ಷಮೆ ಕೇಳಿದಳು, ಮಳೆಯಲ್ಲೇ ಕೂತು ತರಕಾರಿ ಆರಿಸಿಕೊಟ್ಟಳು. ಆ ಹೆಂಗಸು ಬೈಯಲಿಲ್ಲ. ತನ್ನ ಮಗಳು ದಿನಾ ಗಾಡಿಯ ಮುಂದೆ ಹಿಡಿದು ನಡೆಯುತ್ತಾಳೆ, ಇವತ್ತು ಶಾಲೆಗೆ ಬೇಗ ಹೋದಳು ಎಂದಷ್ಟೇ ಹೇಳಿದಳು. ಆ ಮಾತು ಕೇಳಿ ಡಾಕ್ಟರಮ್ಮನ ಕೈಯಲ್ಲಿದ್ದ ಸೌತೆಕಾಯಿ ಕೆಳಗೆ ಬಿತ್ತು.

ಮನೆಯಲ್ಲಿ ಬಡಗಿ ಬ್ರೇಕನ್ನು ದೂರಿದ. ಮೆಕ್ಯಾನಿಕ್ ಬಂದು ಬಿಚ್ಚಿ ನೋಡಿ, ಬ್ರೇಕಿಗೆ ಏನೂ ಆಗಿಲ್ಲ ಎಂದ. ಬಡಗಿ ಮಳೆಯನ್ನು ದೂರಿದ, ಇಳಿಜಾರನ್ನು ದೂರಿದ. ಟೈರನ್ನು ಮಾತ್ರ ದೂರಲಿಲ್ಲ. ಡಾಕ್ಟರಮ್ಮ ಕೀಲಿಯನ್ನು ಗೂಟಕ್ಕೆ ನೇತುಹಾಕಿದಳು. ಈ ಟೈರಿನ ಮೇಲೆ ನಾನು ಜನರಿರುವ ರಸ್ತೆಗೆ ಇಳಿಯುವುದಿಲ್ಲ ಎಂದಳು. ಅತ್ತ ಫೋನ್ ಬರುತ್ತಲೇ ಇತ್ತು: ಒಂದು ಕಡೆ ಕೆಚ್ಚಲು ಬಾವು, ಇನ್ನೊಂದು ಕಡೆ ಮೇವು ಬಿಟ್ಟ ಎಮ್ಮೆ. ಅವಳು ಒಳಗೂ ಹೊರಗೂ ಓಡಾಡಿದಳು. ಅವನೂ ಓಡಾಡಿದ. ಇಬ್ಬರೂ ಎದುರಾದಾಗ ದಾರಿ ಬಿಟ್ಟುಕೊಟ್ಟರು, ಮಾತು ಬಿಟ್ಟುಕೊಡಲಿಲ್ಲ.

ತಾಯಿಗೆ ಸಾಕಾಯಿತು. ಮಗಳಿಗೆ ಫೋನ್ ಮಾಡಿದರು. ಮಗಳು ಅಂದರೆ ಬಡಗಿಯ ಅಕ್ಕ. ಪೇಟೆಯಲ್ಲಿ ಗಾಡಿ ಕಲಿಸುವ ಶಾಲೆ ನಡೆಸುತ್ತಾಳೆ, ಎಲ್ಲರ ಬಾಯಲ್ಲೂ ಡ್ರೈವಿಂಗ್ ಮೇಡಂ.

ಮೇಡಂ ಬಂದವಳೇ ಜೀಪಿನ ಸುತ್ತ ಒಂದು ಸುತ್ತು ಹಾಕಿದಳು. ಟೀಕೆ ಮಾಡಲಿಲ್ಲ. ಇದು ಒಳ್ಳೇ ಟೈರೇ, ಇಡೀ ದಿನ ಕೆಸರಲ್ಲೇ ಓಡುವ ಗಾಡಿಗೆ ಇದಕ್ಕಿಂತ ಒಳ್ಳೆಯದಿಲ್ಲ ಎಂದಳು. ತಮ್ಮನ ಮುಖ ಅರಳಿತು. ಆಮೇಲೆ, "ಈ ಗಾಡಿ ದಿನಕ್ಕೆ ಎಷ್ಟು ಡಾಂಬರು ತುಳಿಯುತ್ತೆ, ಎಷ್ಟು ಮಣ್ಣು ತುಳಿಯುತ್ತೆ ಹೇಳು ನೋಡೋಣ," ಎಂದಳು.

"ಮಣ್ಣೇ ಜಾಸ್ತಿ," ಎಂದ ತಮ್ಮ.

"ನೀನು ಜೊತೇಲಿ ಹೋಗಿದ್ದೀಯಾ?"

ಅವನು ಹೋಗಿರಲಿಲ್ಲ. ಅವನ ಕಣ್ಣಿಗೆ ಕಟ್ಟಿದ್ದು ಆ ಒಂದು ಮಣ್ಣಿನ ಏರು ಮಾತ್ರ.

ಮಾರನೆಯ ದಿನ ಬಿಸಿಲು ಬಿದ್ದಿತ್ತು. ಮೇಡಮ್ಮೇ ಸ್ಟೀರಿಂಗ್ ಹಿಡಿದು ಡಾಕ್ಟರಮ್ಮನ ದಿನದ ಸುತ್ತಿಗೆ ನಿಧಾನವಾಗಿ ಹೊರಟಳು. ಡಾಕ್ಟರಮ್ಮ ಪಕ್ಕದಲ್ಲಿ, ಬಡಗಿ ಹಿಂದೆ. ಹಾಲಿನ ಕೇಂದ್ರ, ಪೇಟೆಯ ಔಷಧಿ ಅಂಗಡಿ, ಕೋಳಿ ಫಾರಂ, ಆಸ್ಪತ್ರೆ ಎಲ್ಲವೂ ಡಾಂಬರಿನ ಮೇಲೆ. ಬಡಗಿ ಕಿಟಕಿಯಿಂದ ಹೊರಗೆ ನೋಡುತ್ತಾ ಮಣ್ಣಿಗಾಗಿ ಕಾದ. ಊಟದ ಹೊತ್ತಾದರೂ ಮಣ್ಣು ಬರಲಿಲ್ಲ. ಮಧ್ಯಾಹ್ನ ಜಲ್ಲಿ ಬಂತು. ಸಂಜೆಗೆ ಸ್ವಲ್ಪ ಮುಂಚೆ ಮಣ್ಣು ಬಂತು, ಅದೂ ಒಂದು ತುಂಡು. ದಿನದ ಬಹುಪಾಲು ಅವನ ಹೆಂಡತಿ ಓಡಾಡುತ್ತಿದ್ದುದು ಸೈಕಲ್ಲು, ಬಸ್ಸು, ಶಾಲೆಯ ಮಕ್ಕಳ ನಡುವೆ.

ಆ ಏರಿನ ಬುಡದಲ್ಲಿ ಮೇಡಂ ಗಾಡಿ ನಿಲ್ಲಿಸಿದಳು. ಎಲ್ಲರೂ ಇಳಿದರು. ಬಡಗಿ ಏರಿನ ಮಣ್ಣನ್ನು ಕಾಲಿಂದ ಒತ್ತಿ ನೋಡಿದ. ಆಮೇಲೆ ಹೇಳಿದ: "ಅವತ್ತು ಇವಳು ಇಲ್ಲಿಂದ ನಡ್ಕೊಂಡು ಹೋಗಿದ್ದು ನಿನಗೆ ಗೊತ್ತಿಲ್ಲ ಅಕ್ಕ. ಮನೆಗೆ ಬಂದಾಗಿನ ಇವಳ ಮುಖ ನಾನು ನೋಡಿದ್ದೀನಿ. ಇನ್ನೊಂದು ಸಲ ನೋಡೋಕೆ ನನ್ನಿಂದ ಆಗಲ್ಲ."

"ನಿನ್ನ ಭಯ ಸರಿಯಾಗೇ ಇದೆ ಕಣೋ," ಎಂದಳು ಅಕ್ಕ. "ಟೈರು ಮಾತ್ರ ತಪ್ಪು."

ಡಾಕ್ಟರಮ್ಮ ಗಂಡನ ತೋಳು ಹಿಡಿದುಕೊಂಡಳು.

ಮೇಡಂ ಅಲ್ಲೇ ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ತೋರಿಸಿದಳು. ಗಟ್ಟಿಗಳ ನಡುವಿನ ಅಗಲದ ಸಂದು ಕೆಸರನ್ನು ಹೊರಗೆ ಚೆಲ್ಲಲು ಬೇಕು. ಆದರೆ ಅಷ್ಟು ಸಂದು ಇದ್ದರೆ ಡಾಂಬರಿಗೆ ತಾಗುವ ರಬ್ಬರು ಕಡಿಮೆ. ರಸ್ತೆ ಒದ್ದೆಯಾದರೆ ಹಿಡಿತ ಇನ್ನೂ ಕಡಿಮೆ. ಬರೀ ಡಾಂಬರಿನ ಟೈರು ಇದಕ್ಕೆ ತದ್ವಿರುದ್ಧ: ರಸ್ತೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ, ಮಣ್ಣಿನಲ್ಲಿ ಸಂದು ತುಂಬಿ ನುಣ್ಣಗಾಗುತ್ತದೆ. ಎರಡೂ ಕಡೆ ಓಡುವವರಿಗೆ ಎಂದೇ ನಡುವಿನ ಒಂದು ಜಾತಿ ಇದೆ. ಅಂಗಡಿಯಲ್ಲಿ ಆಲ್ ಟೆರೇನ್ ಟೈರು ಎಂದು ಕೇಳಬೇಕು. ಅದರಲ್ಲೂ ಪಕ್ಕೆ ಗಟ್ಟಿ ಇರುವುದನ್ನು ನೋಡಿ ಆರಿಸಿದರೆ ಜಲ್ಲಿಯ ಚೂಪು ಕಲ್ಲನ್ನೂ ತಡೆಯುತ್ತದೆ.

ಬಡಗಿ ಅಷ್ಟಕ್ಕೆ ಬಿಡಲಿಲ್ಲ. ಮುಂದೆ ಎರಡು ಮಣ್ಣಿನ ಟೈರು, ಹಿಂದೆ ಎರಡು ರಸ್ತೆ ಟೈರು ಹಾಕಿದರೆ ಎರಡೂ ಸಿಗುತ್ತದಲ್ಲ ಎಂದ. ಒಂದು ಕಾಲಿಗೆ ಬೂಟು, ಇನ್ನೊಂದು ಕಾಲಿಗೆ ಚಪ್ಪಲಿ ಹಾಕಿ ಓಡಿ ನೋಡು ಎಂದಳು ಅಕ್ಕ. ನಾಲ್ಕೂ ಚಕ್ರ ಒಂದೇ ಅಳತೆ, ಒಂದೇ ನಮೂನೆ ಇಲ್ಲದಿದ್ದರೆ ಗಾಡಿ ತಿರುವಿನಲ್ಲಿ ಎಳೆದಾಡುತ್ತದೆ. ಫೋರ್ ವೀಲ್ ಹಾಕಿದಾಗ ಒಳಗಿನ ಗೇರುಗಳಿಗೂ ಪೆಟ್ಟು. ಸ್ಟೆಪ್ನಿಯೂ ಅದೇ ಅಳತೆಯದ್ದಿರಬೇಕು.

ದೊಡ್ಡದಾದಷ್ಟೂ ಒಳ್ಳೆಯದಲ್ಲವೇ ಎಂಬ ಪ್ರಶ್ನೆ ಬಂತು. ಮೇಡಂ ಡ್ರೈವರ್ ಬಾಗಿಲು ತೆಗೆದು ಚೌಕಟ್ಟಿನ ಮೇಲಿನ ಸಣ್ಣ ಪಟ್ಟಿ ತೋರಿಸಿದಳು. ಯಾವ ಅಳತೆಯ ಟೈರು, ಎಷ್ಟು ಗಾಳಿ, ಎಲ್ಲ ಅಲ್ಲಿತ್ತು. ಎಷ್ಟೋ ಕಾಲದಿಂದ ಆ ಬಾಗಿಲು ತೆಗೆದು ಮುಚ್ಚುತ್ತಿದ್ದರೂ ಗಂಡ ಹೆಂಡತಿ ಇಬ್ಬರೂ ಅದನ್ನು ಓದಿರಲಿಲ್ಲ. ಅಳತೆ ಮೀರಿದ ಟೈರು ಹಾಕಿದರೆ ಮೀಟರು ಗಾಡಿಯ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ ಎಂದು ಮೇಡಂ ಹೇಳಿದಾಗ ಡಾಕ್ಟರಮ್ಮ ಬೆಚ್ಚಿದಳು. ಆ ಇಳಿಜಾರಿನಲ್ಲಿ ತಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬರುತ್ತಿದ್ದಳು.

ಮೂವರೂ ಕೂಡಿ ಅಂಗಡಿಗೆ ಹೋದರು. ಅಂಗಡಿಯವನು ಒಂದು ಜೊತೆ ತಂದು ಮುಂದಿಟ್ಟ. ಮೇಡಂ ಟೈರಿನ ಪಕ್ಕೆಯ ಮೇಲೆ ಬೆರಳಾಡಿಸಿ ತಯಾರಾದ ದಿನದ ಗುರುತು ಹುಡುಕಿದಳು. ನಾಲ್ಕು ಅಂಕಿ: ಮೊದಲ ಎರಡಂಕಿ ಯಾವ ವಾರ, ಕೊನೆಯ ಎರಡಂಕಿ ಯಾವ ವರ್ಷ ಎಂದು ಹೇಳುತ್ತವೆ. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಟೈರು ಅದು. ಕಣ್ಣಿಗೆ ಹೊಸದು, ರಬ್ಬರು ಹಳತು. ವಾಪಸ್ ಕಳಿಸಿದಳು. ಎರಡನೆಯ ಸಲ ತಂದದ್ದರ ಭಾರ ಹೊರುವ ಸಂಖ್ಯೆಯನ್ನೂ ನೋಡಿದಳು. ಔಷಧಿ ಪೆಟ್ಟಿಗೆ, ಜನ ಎಲ್ಲ ಸೇರಿ ಈ ಜೀಪು ಕಡಿಮೆ ಭಾರದ್ದಲ್ಲ. ಅದನ್ನೇ ನಾಲ್ಕೂ ಚಕ್ರಕ್ಕೂ ಸ್ಟೆಪ್ನಿಗೂ ಹಾಕಿಸಿದರು. ಬಿಚ್ಚಿದ ಮಣ್ಣಿನ ಟೈರುಗಳನ್ನು ಅಂಗಡಿಯವನೇ ಇಟ್ಟುಕೊಂಡ. ಕ್ವಾರಿಯ ಒಳಗೆ ಮಾತ್ರ ಓಡುವ, ಆ ಅಳತೆಗೆ ಸರಿಹೊಂದುವ ಗಾಡಿಯೊಂದಕ್ಕೆ ಅವು ಬೇಕಾಗಿದ್ದವು.

ಆದರೂ ಬಡಗಿಯ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಡಾಂಬರು ಸರಿ, ಕೆಸರು? ಮಳೆ ಬರುವವರೆಗೂ ಅವನಿಗೆ ಅದೇ ಗುಂಗು. ಮಳೆ ಬಿದ್ದ ಮಾರನೆಯ ದಿನವೇ ಅಕ್ಕನನ್ನು ಕರೆಸಿ, ಹೆಂಡತಿಯನ್ನೂ ಏರಿನ ಬುಡಕ್ಕೆ ಹೊರಡಿಸಿದ. ಡಾಕ್ಟರಮ್ಮ ಟೈರುಗಳಿಂದ ಮೇಡಂ ಹೇಳಿದಷ್ಟು ಗಾಳಿ ಇಳಿಸಿದಳು. ಗಾಳಿ ಕಡಿಮೆಯಾದರೆ ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಫೋರ್ ವೀಲ್ ಹಾಕಿ, ಸಣ್ಣ ಗೇರಿನಲ್ಲಿ, ನಿಧಾನವಾಗಿ ಏರತೊಡಗಿದಳು. ಅರ್ಧದಲ್ಲಿ ಚಕ್ರ ತಿರುಗಿ ಕೆಸರು ಹಾರಿತು. ಅವಳು ಎಂಜಿನ್ ಕೂಗಿಸಲಿಲ್ಲ. ಸ್ವಲ್ಪ ಹಿಂದೆ ಬಂದು, ಕಲ್ಲು ಕಾಣುತ್ತಿದ್ದ ಬದಿ ಹಿಡಿದು ಮತ್ತೆ ಹತ್ತಿದಳು. ಜೀಪು ಮೇಲೆ ಹೋಗಿ ನಿಂತಿತು.

ಏರಿನ ಆಚೆ ಒಂದು ಜೌಗು ಇತ್ತು. ಅಲ್ಲಿಗೂ ಹೋಗಬಹುದಾ ಎಂದು ಬಡಗಿ ಕೇಳಿದ.

"ಬೇಡ," ಎಂದಳು ಮೇಡಂ. "ಟೈರು ಟೈರೇ, ರೆಕ್ಕೆ ಅಲ್ಲ. ಆ ಕಡೆಯವರಿಗೆ ಮೊದಲೇ ಫೋನ್ ಮಾಡಿ, ಆಗೋದಾದ್ರೆ ದನಾನ ಗಟ್ಟಿ ನೆಲಕ್ಕೆ ತರಿಸಿ. ಆಗದಿದ್ರೆ ಅಷ್ಟು ದೂರ ನಡೀಬೇಕು."

ನಡೆಯುವ ಮಾತು ಬಂದಾಗ ಬಡಗಿ ಹೆಂಡತಿಯ ಕಡೆ ನೋಡಿದ. "ಅಷ್ಟು ದೂರ ತಾನೆ, ನಡೀತೀನಿ ಬಿಡಿ. ಬೇಕಾದ್ರೆ ನೀವೂ ಬನ್ನಿ, ಚೀಲ ಹಿಡ್ಕೊಳ್ಳಿ," ಎಂದಳು ಅವಳು. ಅಷ್ಟು ತಿಂಗಳ ಮೇಲೆ ಅವನು ನಕ್ಕ.

ವಾಪಸ್ ಬರುವಾಗ ಡಾಂಬರು ಶುರುವಾಗುವ ಮೊದಲೇ ಗಾಡಿ ನಿಲ್ಲಿಸಿದರು. ಗಾಳಿ ಕಡಿಮೆ ಇಟ್ಟು ಜೋರಾಗಿ ಓಡಿಸಿದರೆ ಟೈರು ಕಾದು ಒಡೆಯಬಹುದು. ಬಡಗಿಯೇ ಸಣ್ಣ ಪಂಪು ತೆಗೆದು ಪಟ್ಟಿಯಲ್ಲಿದ್ದಷ್ಟು ಗಾಳಿ ತುಂಬಿದ, ಮೀಟರ್ ಇಟ್ಟು ನೋಡಿದ, ನಂಬಿಕೆಯಾಗದೆ ಇನ್ನೊಮ್ಮೆ ನೋಡಿದ.

ಅವನು ಈಗಲೂ ಕೂತಲ್ಲಿ ಕೂರುವವನಲ್ಲ. ಆದರೆ ಆ ಚಡಪಡಿಕೆಗೆ ಒಂದು ಕೆಲಸ ಸಿಕ್ಕಿದೆ. ಬೀದಿಯಲ್ಲಿ ಯಾರ ಜೀಪು ನಿಂತರೂ ಬಗ್ಗಿ ಟೈರು ಓದುತ್ತಾನೆ. ಮಗ ಬರುವುದನ್ನು ಕಂಡರೆ ಜನ ಗಾಡಿ ಓಡಿಸಿಕೊಂಡು ಹೋಗಿಬಿಡುತ್ತಾರೆ ಎಂದು ತಾಯಿ ಆಡಿಕೊಳ್ಳುತ್ತಾರೆ. ಮೊನ್ನೆ ಬಾಣಂತಿಯನ್ನು ಇಳಿಸಲು ಬಂದ ಆಂಬುಲೆನ್ಸಿನ ಹಿಂದಿನ ಟೈರಿನಲ್ಲಿ ಬಿರುಕು ಕಂಡು, ಡ್ರೈವರ್ ಎಷ್ಟು ಗೊಣಗಿದರೂ ಬಿಡದೆ, ಸ್ಟೆಪ್ನಿ ಹಾಕಿಸಿದ ಮೇಲೆಯೇ ದಾರಿ ಬಿಟ್ಟ. ಬಿಚ್ಚಿದ ಟೈರನ್ನು ತಿರುಗಿಸಿ ನೋಡಿದಾಗ ಒಳಗಿನ ಪಕ್ಕೆ ಬಾತುಕೊಂಡಿತ್ತು. ಡ್ರೈವರ್ ಗೊಣಗುವುದು ನಿಲ್ಲಿಸಿದ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಮುಂದೆಯೂ ಇಂಥ ಗಾಡಿ ಇರಬಹುದು. ಅದು ಯಾವ ನೆಲದಲ್ಲಿ ಹೆಚ್ಚು ಓಡುತ್ತದೆ ಎಂದು ಮೊದಲು ನೋಡಿ, ಆಮೇಲೆ ಟೈರು ಆರಿಸಿ. ಚೆಂದಕ್ಕೆ ಬೇಡ, ಬರೀ ಭಯಕ್ಕೂ ಬೇಡ. ಬಾಗಿಲ ಚೌಕಟ್ಟಿನ ಪಟ್ಟಿ ಓದಿ. ಟೈರಿನ ಸಂದಿನೊಳಗೆ ಸಣ್ಣ ಉಬ್ಬುಗಳಿರುತ್ತವೆ. ರಬ್ಬರು ಸವೆದು ಅವುಗಳ ಮಟ್ಟಕ್ಕೆ ಬಂದಿದ್ದರೆ ಆ ಟೈರಿನ ಆಯುಸ್ಸು ಮುಗಿದಿದೆ. ನಿಮ್ಮ ಟೈರನ್ನು ನಂಬಿ ರಸ್ತೆ ದಾಟುವವರಿಗೆ ನಿಮ್ಮ ಹೆಸರೂ ಗೊತ್ತಿರುವುದಿಲ್ಲ. ಅವರಿಗಾಗಿ ಒಂದು ಸಲ ಹೊರಗೆ ಹೋಗಿ, ಬಗ್ಗಿ, ನಾಲ್ಕೂ ಚಕ್ರ ಮುಟ್ಟಿ ನೋಡಿ. ನಾಳೆ ಬೇಡ, ಇವತ್ತೇ.