ಪಂಪ್ ಶೆಡ್ಡಿನ ಉದ್ದಕಾಲಿನ ಜೇಡಗಳು

ಮುರ್ಡೇಶ್ವರದ ಆ ಲಾಡ್ಜಿನಲ್ಲಿ ಗಂಗೆ ಹದಿನಾಲ್ಕು ವರ್ಷದಿಂದ ಕಸ ಗುಡಿಸುತ್ತಿದ್ದಳು. ಒಂದು ಗುರುವಾರ ಸಂಜೆ ಮ್ಯಾನೇಜರ್ ಸುದರ್ಶನ ಅವಳನ್ನು ಕರೆದು, "ನಾಳೆ ಕುಮಟೆಯಿಂದ ಕಾಲೇಜಿನ ಮೇಡಂ ಒಬ್ರು ಬತ್ರು. ಮೆಟ್ಟಿಲ ಕೆಳಗಿನ ಸ್ಟೋರ್ ರೂಮು ನೋಡ್ಬೇಕಂತೆ. ಒಂದು ಬಲೆನೂ ಕಾಣ್ಬಾರ್ದು," ಎಂದ. ಯಾಕೆ ನೋಡಬೇಕೆಂದು ಅವನೂ ಕೇಳಿರಲಿಲ್ಲ. ಗಂಗೆ ಹಳೆ ಹಾಸಿಗೆ, ಮುರಿದ ಕುರ್ಚಿಗಳನ್ನೆಲ್ಲ ಹೊರಗೆಳೆದು, ಮೂಲೆಮೂಲೆ ಗುಡಿಸಿ, ಫಿನೈಲ್ ಹಾಕಿ ಒರೆಸಿಯೇ ಮನೆಗೆ ಹೋದಳು.

ಬೆಳಿಗ್ಗೆ ಬಂದ ಮೇಡಂಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ವರ್ಷ ಇರಬಹುದು. ಹೆಸರು ವಂದನಾ. ಟಾರ್ಚು, ಪುಟ್ಟ ಸೀಸೆಗಳ ಡಬ್ಬಿ ಹಿಡಿದು ಬಗ್ಗಿ ಒಳಗೆ ಹೋದವಳು ಎರಡೇ ನಿಮಿಷಕ್ಕೆ ಹೊರಬಂದಳು.

"ಅಕ್ಕಾ, ಇಲ್ಲಿ ಉದ್ದಕಾಲಿನ ಜೇಡ ಇದ್ವಲ್ಲ?"

"ಎಲ್ಲಾ ತೆಗ್ದೆ ಮೇಡಂ. ನೀವು ಬತ್ರಿ ಅಂತ್ಲೇ," ಎಂದಳು ಗಂಗೆ ಹೆಮ್ಮೆಯಿಂದ.

ವಂದನಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬೈಯಲಿಲ್ಲ. ಕನ್ನಡಕ ತೆಗೆದು ದುಪಟ್ಟಾದ ತುದಿಯಿಂದ ಒರೆಸತೊಡಗಿದಳು, ಒರೆಸುತ್ತಲೇ ಇದ್ದಳು. ಗಂಗೆ ಪೊರಕೆ ಬದಿಗಿಟ್ಟಳು. ಪಕ್ಕದಲ್ಲಿ ಕೂತು, "ಎಂತ ಆತು ತಂಗಿ?" ಎಂದಳು.

ಆ ಜೇಡಗಳ ಕುಲಕ್ಕೆ ಫೋಲ್ಕಸ್ ಎಂದು ಹೆಸರು, ಜಗತ್ತಿನಲ್ಲಿ ಅವು ಮುನ್ನೂರಕ್ಕೂ ಹೆಚ್ಚು ಜಾತಿ, ಗುಹೆಯಲ್ಲಿರುವವು, ಬಂಡೆಯ ಸಂದಿಯಲ್ಲಿರುವವು, ಮನೆಯಲ್ಲಿರುವವು ಎಂದು ವಂದನಾ ಮೆಲ್ಲಗೆ ಹೇಳಿದಳು. ಎರಡು ತಿಂಗಳ ಹಿಂದೆ ಮನೆಯವರೊಂದಿಗೆ ಇಲ್ಲಿ ಉಳಿದಾಗ ಈ ಮೆಟ್ಟಿಲ ಕೆಳಗೆ ಹೆಣ್ಣುಗಳನ್ನಷ್ಟೇ ಕಂಡಿದ್ದಳು. ಹೊಸ ಜಾತಿಯೇ ಇರಬಹುದೆಂಬ ಆಸೆ ಅವಳಿಗೆ, ಆದರೆ ಯಾವ ಜಾತಿಯೆಂದು ತಿಳಿಯಲು ಗಂಡು ಬೇಕು. ಅದರ ಬಾಯಿಯ ಪಕ್ಕದ ಸಣ್ಣ ಅಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಸಂಶೋಧನೆಯ ಪ್ರಬಂಧ ಈ ತಿಂಗಳ ಕೊನೆಗೆ ಒಪ್ಪಿಸಬೇಕಿತ್ತು.

"ಇನ್ನೆಲ್ಲಿ ಹುಡ್ಕುದು ಅಕ್ಕ. ಎಲ್ಲಾ ಸತ್ತೇ ಹೋದ್ವು."

"ಸತ್ತವು ಅಂತ ಯಾರು ಹೇಳಿದ್ರು? ನಾನು ಕೊಲ್ಲುದಿಲ್ಲ."

ಗಂಗೆ ಅವಳನ್ನು ಹಿತ್ತಿಲ ಪಂಪ್ ಶೆಡ್ಡಿಗೆ ಕರೆದೊಯ್ದಳು. ಕೆಲಸಕ್ಕೆ ಸೇರಿದ ವರ್ಷ, ಬಾಯಲ್ಲಿ ಮೊಟ್ಟೆಗಳ ಉಂಡೆ ಕಚ್ಚಿಕೊಂಡಿದ್ದ ಜೇಡವೊಂದು ಅವಳ ಪೊರಕೆಗೆ ಸಿಕ್ಕಿತ್ತು. ಕಾಲು ಮುರಿದರೂ ಅದು ಉಂಡೆ ಬಿಡದೆ ತೆವಳಿತ್ತು. ಅಂದಿನಿಂದ ಪೊರಕೆಗೆ ಹತ್ತಿದ ಜೇಡವನ್ನೆಲ್ಲ ಇಲ್ಲಿಗೆ ತಂದು ಕೊಡವುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ, ಹೇಳಿದರೆ ನಗುತ್ತಾರೆಂದು ಗೊತ್ತಿತ್ತು.

ಬಾಗಿಲು ತೆರೆದು ಟಾರ್ಚು ಬಿಟ್ಟೊಡನೆ ಸೂರಿನ ತುಂಬ ಜೇಡಗಳು ಬಲೆ ಸಮೇತ ಗಡಗಡ ನಡುಗಿದವು. ವಂದನಾ ಹೊಸ್ತಿಲಲ್ಲೇ ನಿಂತು ಟಾರ್ಚನ್ನು ಮೂಲೆಮೂಲೆಗೆ ಹಾಯಿಸಿದಳು.

"ಹೆದ್ರಿದ್ರೆ ಹಾಂಗೇ ಅವು," ಎಂದಳು ಗಂಗೆ. "ಆ ಪೈಪಿನ ಮೇಲಿದ್ದು ತೆಳ್ಳಗಿತ್ತಲ್ಲ, ಅದು ಗಂಡಿರ್ಬೇಕು. ಅಂಥದ್ರ ಬಾಯಲ್ಲಿ ನಾ ಮೊಟ್ಟೆ ಕಂಡೇ ಇಲ್ಲ."

ಭೂತಗನ್ನಡಿ ಹಿಡಿದು ನೋಡಿದರೆ ಗಂಡೇ. ವಂದನಾ ಅದನ್ನು ಸೀಸೆಗೆ ಹಾಕಿ, ಮೊಟ್ಟೆ ಹಿಡಿದಿದ್ದ ಹೆಣ್ಣಿನ ಕಡೆ ಕೈ ಚಾಚಿದಳು. ಗಂಗೆ ಆ ಕೈ ಹಿಡಿದಳು.

"ಅದೊಂದು ಬೇಡ ತಂಗಿ. ಮರಿ ಆಗ್ಲಿ."

"ಆತು ಅಕ್ಕ," ಎಂದು ವಂದನಾ ಬೇರೊಂದು ಹೆಣ್ಣನ್ನು ಹಿಡಿದಳು. ಆಮೇಲೆ ಭೂತಗನ್ನಡಿಯನ್ನು ಗಂಗೆಯ ಕೈಗಿಟ್ಟಳು. ಹದಿನಾಲ್ಕು ವರ್ಷ ಬರಿಗಣ್ಣಿಗೆ ಕಂಡಿದ್ದ ಉಂಡೆಯಲ್ಲಿ ಒಂದೊಂದು ಮೊಟ್ಟೆಯೂ ಸಾಸಿವೆಯಂತೆ ಬೇರೆ ಬೇರೆ ಕಂಡಿತು. ಬಹಳ ಹೊತ್ತು ಗಂಗೆ ಅಲ್ಲಿಂದ ಕದಲಲಿಲ್ಲ.

ತಿಂಗಳು ಕಳೆದ ಮೇಲೆ ವಂದನಾಳ ಫೋನು ಬಂತು. "ಹೊಸ ಜಾತಿ ಅಲ್ಲ ಅಕ್ಕ. ಜಪಾನು, ಆಸ್ಟ್ರೇಲಿಯಾ, ಯುರೋಪು, ಎಲ್ಲಾ ಕಡೆ ಮನೆಯೊಳಗೆ ಇರುದೇ."

"ಬೇಜಾರಾತಾ?"

"ಸ್ವಲ್ಪ ಆತು. ಆದ್ರೆ ಪ್ರಬಂಧ ಮುಗೀತು. ಅದ್ರಲ್ಲಿ ನಿಮ್ಮ ಹೆಸ್ರು ಬರ್ದಿದ್ದೆ."

"ನನ್ನ ಹೆಸ್ರು ಎಂತಕ್ಕೆ?"

"ಉಳ್ಸಿದ್ದು ನೀವಲ್ವ?"

ಗಂಗೆ ಬಕೆಟ್ಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು.

"ಬರೋ ಐತವಾರ ನಂಗೆ ರಜೆ. ಮನೆಗೆ ಬಾ. ಮೀನು ತಿನ್ನುದಿಲ್ಲ ಅಂತ ಅವತ್ತು ಹೇಳಿದ್ಯಲ್ಲ, ಹಲಸಿನಕಾಯಿ ಪಲ್ಯ ಮಾಡ್ತೆ," ಎಂದಳು.